ಕರಿ ಮರಿಗಳ ಸಾಕುತಾಯಿ

ಕಾವಿಗಿಟ್ಟ 21ನೇ ದಿನ, ಬೆಳಗಿನ ಜಾವ ಮಂಕರಿಯೊಳಗಿಂದ ಚಿಂವ್ ಚಿಂವ್! ಶಿಡ್ಲಘಟ್ಟದ ನಮ್ಮ ಹಿತ್ತಿಲ ಗಿರಿರಾಜ ತಳಿಯ ಹ್ಯಾಟೆಗೆ ಮೊಟ್ಟೆಯಿಡೋದಷ್ಟೇ ಗೊತ್ತು, ಕಾವಿಗೆ ಕೂರೋ ಯೋಚನೆಯೇ ಇಲ್ಲ. ಅದಕ್ಕೇ ಅದರ 6, ಕರಿ ಕೋಳಿ ತಳಿ ಕಡಕ್‌ನಾಥ್‌ನ 5 ಮೊಟ್ಟೆ ನಾಟಿ ಹ್ಯಾಟೆಯ ಹೊಟ್ಟೆ ಕೆಳಗೆ ತಳ್ಳಿದ್ದೆ. ವಾರ ಕಳೆದ ಮೇಲೆ ಒಂದು ರಾತ್ರಿ ಮೊಟ್ಟೆಗಳನ್ನು ಮೊಬೈಲ್ ಟಾರ್ಚ್ ಮೇಲಿಟ್ಟು ನೋಡಿ, ರಕ್ತನಾಳ ಕಾಣದ, ಅಂದ್ರೆ ಮರಿ ಬೆಳೆಯದ 2 ತೆಗೆದೆ. ನಾಟಿ ಹ್ಯಾಟೆ ಕೈಗೆ ಸರಿಯಾಗಿ ಕುಕ್ಕಿತು. ಒಡೆದದ್ದು 8, ಅದರಲ್ಲಿ 3 ಮಸಿ ಕಪ್ಪು. (ಕಡಕ್‌ನಾಥ್ ಮೊಟ್ಟೆಯೂ ಕಪ್ಪು ಅನ್ನೋರನ್ನು ನಂಬಬೇಡಿ, ಅದು ತಿಳಿ ಕಂದು.)

ಅಮ್ಮ ರಾಗಿ ನುಚ್ಚು ಚೆಲ್ಲುತ್ತಾ, "ಇದ್ರಲ್ಲಿ ಈ ಹ್ಯಾಟೆದು ಒಂದೂ ಇಲ್ಲ ಕಣೋ, ಆದ್ರೂ ನೋಡು" ಅಂದಳು. ಅಷ್ಟರಲ್ಲಿ ಹದ್ದಿನ ನೆರಳು ಹಾಯಿತು. ಎಂಟೂ ರೆಕ್ಕೆಯಡಿ. ಒಂದು ಕರಿ ತಲೆ ಮಾತ್ರ ಇಣುಕುತ್ತಿತ್ತು.