ಭಾರಜಲದ ಡ್ಯುಟೀರಿಯಂ ಅಳೆಯುವಾಗ ಗುಳ್ಳೆ ಹೇಳದ ಮಾತು

ಸಾಮಾನ್ಯ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ ಇರುವ ನೀರೇ ಭಾರಜಲ. ಅದರ ಬಾಟಲಿಯ ಮೇಲೆ 99.9% ಡ್ಯುಟೀರಿಯಂ ಎಂದು ಬರೆದಿದ್ದರೂ, ಹತ್ತಾರು ಸಲ ಮುಚ್ಚಳ ತೆಗೆದ ಮೇಲೆ ಒಳಗಿರುವುದು ಬೇರೆಯೇ. 1 ಮಿ.ಲೀ. ಭಾರಜಲಕ್ಕೆ ಗಾಳಿಯ ತೇವದಿಂದ ಬರೀ 1 ಮೈಕ್ರೋಲೀಟರ್ ನೀರು ಸೇರಿದರೆ ಸಾಕು, ಅದು 99.8ಕ್ಕೆ ಇಳಿಯುತ್ತದೆ. ವಿದ್ಯುದ್ವಿಭಜನೆ ಮಾಡಿ (ನೀರನ್ನು ವಿದ್ಯುತ್ತಿನಿಂದ ಒಡೆದು), ಕ್ಯಾಥೋಡಿನ, ಅಂದರೆ ಋಣ ವಿದ್ಯುದ್ವಾರದ, ಹೈಡ್ರೋಜನ್ ಅನಿಲವನ್ನು ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟು ಇದನ್ನು ಅಳೆಯಬಹುದು. ಆದರೆ ಮೊದಲ ಗುಳ್ಳೆಗಳನ್ನು ನಂಬಬೇಡಿ.

ಕ್ಯಾಥೋಡಿನಲ್ಲಿ ಹಗುರ ಹೈಡ್ರೋಜನ್ ಬೇಗ ಹೊರಬೀಳುತ್ತದೆ, ಡ್ಯುಟೀರಿಯಂ ನೀರಲ್ಲೇ ಉಳಿಯುತ್ತದೆ. ಕಬ್ಬಿಣದ ಕ್ಯಾಥೋಡಿಗೆ ಈ ಬೇರ್ಪಡಿಕೆ ಗುಣಾಂಕ ಸುಮಾರು 6, ಅಂದರೆ ಹೈಡ್ರೋಜನ್ನಿಗೆ ಹೋಲಿಸಿದ ಡ್ಯುಟೀರಿಯಂ ಪಾಲು ನೀರಿನಲ್ಲಿ ಇರುವುದರ ಆರನೇ ಒಂದಷ್ಟೇ ಅನಿಲದಲ್ಲಿರುತ್ತದೆ. ನೀರಿನಲ್ಲಿ ಅರ್ಧಕ್ಕರ್ಧ ಡ್ಯುಟೀರಿಯಂ ಇದ್ದರೂ ಮೊದಲ ಅನಿಲದಲ್ಲಿ ಸಿಗುವುದು 14% ಮಾತ್ರ. 1962ರಲ್ಲಿ ಶುರುವಾದ ಪಂಜಾಬಿನ ನಂಗಲ್ ಭಾರಜಲ ಸ್ಥಾವರಕ್ಕೆ ವರವಾಗಿದ್ದ ಗುಣವೇ ಅಳೆಯುವವರಿಗೆ ಕಾಟ.

ಪೂರ್ತಿ ಒಣಗುವವರೆಗೆ ವಿಭಜಿಸೋಣವೆಂದರೆ ವಿದ್ಯುತ್ ಹರಿಯಲೆಂದು ಹಾಕಿದ ಉಪ್ಪು ಕೊನೆಯ ನೀರನ್ನು ಹಿಡಿದುಕೊಳ್ಳುತ್ತದೆ. ನನಗೆ ಸರಿಯೆನಿಸುವ ದಾರಿ ಇದು: ಖರ್ಚಾದಷ್ಟೇ ಸ್ಯಾಂಪಲ್ಲನ್ನು ಹನಿಹನಿಯಾಗಿ ಸೇರಿಸುತ್ತ ಸೆಲ್ಲಿನ (ವಿಭಜನೆ ನಡೆಯುವ ಪಾತ್ರೆಯ) ನೀರಿನ ಮಟ್ಟ ಕಾಯ್ದುಕೊಳ್ಳುವುದು. ಒಳಗಿನ ನೀರಿನಲ್ಲಿ ಡ್ಯುಟೀರಿಯಂ ತಾನೇ ಹೆಚ್ಚಿ, ಕೊನೆಗೆ ಹೊರಬರುವ ಅನಿಲದ ಡ್ಯುಟೀರಿಯಂ ಪಾಲು ಒಳಹೋಗುವ ನೀರಿನದಕ್ಕೆ ಸಮವಾಗುತ್ತದೆ. ಭಾರಜಲವಾದರೆ ಸೆಲ್ಲಿನ ಎರಡು ಪಟ್ಟು ನೀರು ಹರಿದರೆ ಸಾಕು. ಡ್ಯುಟೀರಿಯಂ ಅತ್ಯಲ್ಪವಿದ್ದರೆ 1% ನಿಖರತೆಗೆ ಸುಮಾರು 27 ಪಟ್ಟು ಬೇಕು. ಅಂಥ ಸ್ಯಾಂಪಲ್ಲಿಗೆ ಈ ವಿಧಾನ ಬೇಡ. 1 ಮಿ.ಲೀ.ಗೆ ಸುಮಾರು 3 ಆಂಪಿಯರ್-ಗಂಟೆ ಹಿಡಿಯುವುದರಿಂದ ಸೆಲ್ ಚಿಕ್ಕದಿರಲಿ.

ವಿದ್ಯುತ್ ಹರಿಯಲು ಕಾಸ್ಟಿಕ್ ಸೋಡಾ ಹಾಕಬೇಡಿ, ಅದರಲ್ಲೇ ಹೈಡ್ರೋಜನ್ ಇದೆ. ಚೆನ್ನಾಗಿ ಕಾಯಿಸಿ ತೇವ ಓಡಿಸಿದ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿ. ಎರಡು ಕಡೆಯ ಅನಿಲ ಬೆರೆಯದಂತೆ ಯು-ಆಕಾರದ ಸೆಲ್ ಇರಲಿ. ಅನಿಲದ ಜೊತೆ ಬರುವ ನೀರಾವಿಯನ್ನು ತಣ್ಣಗಾಗಿಸಿ ಹಿಡಿಯುವ ಟ್ರ್ಯಾಪಿಗೆ ಡ್ರೈ ಐಸ್ ಮತ್ತು ಆಲ್ಕೋಹಾಲ್ ಸಾಕು. ದ್ರವ ನೈಟ್ರೋಜನ್ ಇಟ್ಟರೆ, ಹೆಚ್ಚಾಗಿ ಸೋರಿ ಬಂದ ಆಕ್ಸಿಜನ್ ಅಲ್ಲೇ ದ್ರವವಾಗಿ ಕೂರಬಹುದು. ಪಕ್ಕದಲ್ಲೇ ಹೈಡ್ರೋಜನ್ ಹರಿಯುತ್ತಿರುವುದರಿಂದ ಅದು ಸ್ಫೋಟದ ಅಪಾಯ.

ಇನ್ನು ಸ್ಪೆಕ್ಟ್ರೋಮೀಟರ್ ತೋರಿಸುವ ಪೀಕುಗಳು: ತೂಕ 2 ಅಂದರೆ ಎರಡು ಹಗುರ ಹೈಡ್ರೋಜನ್, 3 ಅಂದರೆ ಒಂದು ಹೈಡ್ರೋಜನ್ ಒಂದು ಡ್ಯುಟೀರಿಯಂ, 4 ಅಂದರೆ ಎರಡು ಡ್ಯುಟೀರಿಯಂ. ಲೆಕ್ಕ ಸುಲಭ: 4ರ ಪೀಕಿಗೆ 3ರ ಅರ್ಧ ಸೇರಿಸಿ, 2, 3, 4ರ ಒಟ್ಟು ಮೊತ್ತದಿಂದ ಭಾಗಿಸಬೇಕು. ಆದರೆ 99.8% ಸ್ಯಾಂಪಲ್ಲಿನಲ್ಲಿ ಉಳಿದ ಹಗುರ ಹೈಡ್ರೋಜನ್ ಬಹುಪಾಲು ಡ್ಯುಟೀರಿಯಂ ಜೊತೆ ಜೋಡಿಯಾಗಿ 3ರಲ್ಲೇ ಇರುತ್ತದೆ, ಸುಮಾರು 0.4%. 2ರಲ್ಲಿ ಕಾಣುವುದು ಹೆಚ್ಚುಕಡಿಮೆ ಎಲ್ಲವೂ ಅಯಾನ್ ಮೂಲದಲ್ಲಿ (ಯಂತ್ರ ಅಣುಗಳಿಗೆ ವಿದ್ಯುದಾವೇಶ ಕೊಡುವ ಜಾಗದಲ್ಲಿ) ಒಡೆದ ಡ್ಯುಟೀರಿಯಂ ಚೂರು. ಅದನ್ನು ಹೈಡ್ರೋಜನ್ ಎಂದು ಎಣಿಸಿದರೆ ಒಳ್ಳೆಯ ಭಾರಜಲವೂ ಕಳಪೆಯೆನಿಸುತ್ತದೆ. ತೂಕ ಮಾಡಿ ಬೆರೆಸಿದ ಎರಡು ಮೂರು ಮಿಶ್ರಣಗಳನ್ನು ಅದೇ ಸೆಲ್, ಅದೇ ಒತ್ತಡದಲ್ಲಿ ಓಡಿಸಿ, ಆ ಚೂರಿನ ಪಾಲನ್ನು ಮೊದಲೇ ಕಳೆಯಬೇಕು.