ಡೀಸೆಲ್ ಎಂಜಿನ್ ನೀರೊಳಗೆ ಓಡುವುದಿಲ್ಲ

ಹ್ಯಾಂಬರ್ಗ್‌ನಲ್ಲಿರುವ ಮಗನ ಮನೆಗೆ ಹೋದಾಗ, ಅವನು ನಮ್ಮನ್ನು ಕೀಲ್ ಹತ್ತಿರದ ಲಾಬೋ ಎಂಬ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಕಡಲ ದಂಡೆಯ ಮರಳಿನ ಮೇಲೆ ಯು-995 ಎಂಬ, ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯನ್ನು (ಯು-ಬೋಟ್ ಅನ್ನುತ್ತಾರೆ) ನಿಲ್ಲಿಸಿದ್ದಾರೆ. 1943ರಲ್ಲಿ ಹ್ಯಾಂಬರ್ಗ್‌ನಲ್ಲೇ ಕಟ್ಟಿದ್ದು. ಯುದ್ಧ ಮುಗಿದಾಗ ನಾರ್ವೆಯಲ್ಲಿತ್ತು. ನಾರ್ವೆಯವರು ಅದನ್ನು ತಮ್ಮ ನೌಕಾಪಡೆಗೆ ಸೇರಿಸಿಕೊಂಡು, 1965ರಲ್ಲಿ ವಾಪಸ್ ಕೊಟ್ಟರು.

ಬಂದವರೆಲ್ಲ ಟಾರ್ಪಿಡೊ, ಪೆರಿಸ್ಕೋಪ್ ಅಂತ ಮುತ್ತಿಕೊಳ್ಳುತ್ತಾರೆ. ನಾನು ಹುಬ್ಬಳ್ಳಿಯ ಡೀಸೆಲ್ ಲೋಕೊ ಶೆಡ್‌ನಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಎಂಜಿನ್ ಕೋಣೆಯಲ್ಲೇ ನಿಂತುಬಿಟ್ಟೆ.

ಎಡಕ್ಕೊಂದು, ಬಲಕ್ಕೊಂದು ಆರು ಸಿಲಿಂಡರಿನ ಡೀಸೆಲ್. ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಎರಡೂ ಸೇರಿ ಸುಮಾರು 3,000 ಅಶ್ವಶಕ್ತಿ. ನಮ್ಮ ಹಳೆಯ ಡಬ್ಲ್ಯೂಡಿಎಂ-2 ರೈಲು ಎಂಜಿನ್ ಒಂದೇ 2,600 ಕೊಡುತ್ತಿತ್ತು, ಅಷ್ಟೇ ವ್ಯತ್ಯಾಸ. ಆದರೆ ಜೋಡಣೆ ಬೇರೆ. ಲೋಕೊದಲ್ಲಿ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ಕರೆಂಟಿನಿಂದ ಮೋಟಾರು ಓಡುತ್ತದೆ. ಇಲ್ಲಿ ಡೀಸೆಲ್, ಕ್ಲಚ್, ಮೋಟಾರು, ಪ್ರೊಪೆಲರ್ ಎಲ್ಲ ಒಂದೇ ಸಾಲಿನಲ್ಲಿವೆ. ನೀರಿನ ಮೇಲಿದ್ದಾಗ ಡೀಸೆಲ್ಲೇ ನೇರವಾಗಿ ಪ್ರೊಪೆಲರನ್ನು ತಿರುಗಿಸುತ್ತದೆ. ಬ್ಯಾಟರಿ ಚಾರ್ಜ್ ಆಗಬೇಕಾದರೆ ಅದೇ ಮೋಟಾರು ಜನರೇಟರ್ ಆಗುತ್ತದೆ. ಮುಳುಗುವಾಗ ಕ್ಲಚ್ ಬಿಡಿಸಿ, ಡೀಸೆಲ್ ನಿಲ್ಲಿಸಿ, ಬ್ಯಾಟರಿಯ ಮೇಲೆ ಹೋಗಬೇಕು. ಡೀಸೆಲ್‌ಗೆ ಗಾಳಿ ಬೇಕಲ್ವಾ?

ಈ ಗಾಳಿಯ ತೊಂದರೆಯೇ ಯು-ಬೋಟ್‌ಗಳ ಇಡೀ ಕತೆ ಅನ್ನುವುದು ನನ್ನ ಲೆಕ್ಕ. ಜರ್ಮನರು ಅತಿ ಹೆಚ್ಚು ಕಟ್ಟಿದ್ದು ಈ ಏಳನೇ ಮಾದರಿಯನ್ನು, 700ರ ಆಸುಪಾಸು. ನೀರಿನ ಮೇಲೆ ಗಂಟೆಗೆ 33 ಕಿ.ಮೀ. ಓಡುತ್ತಿತ್ತು. ಒಳಗೆ ಹೋದರೆ ಮೋಟಾರಿನ ಬಲ ಬರೀ 750 ಅಶ್ವಶಕ್ತಿ, ವೇಗ 14 ಕಿ.ಮೀ., ಅದೂ ಸ್ವಲ್ಪ ಹೊತ್ತು ಮಾತ್ರ. ಜೋರಾಗಿ ನಡೆಯುವವನ ವೇಗದಲ್ಲಿ ಹೋದರೂ 150 ಕಿ.ಮೀ. ಆಗುವಷ್ಟರಲ್ಲಿ ಬ್ಯಾಟರಿ ಖಾಲಿ. ಅಂದರೆ ಇದು ಬೇಕಾದಾಗ ಮುಳುಗಬಲ್ಲ ಹಡಗು, ಅಷ್ಟೇ. ಮೊದಮೊದಲು ಇವು ರಾತ್ರಿ ಹೊತ್ತು ನೀರಿನ ಮೇಲಿನಿಂದಲೇ ಹಡಗುಗಳ ಮೇಲೆ ಬೀಳುತ್ತಿದ್ದವು. ವಿಮಾನಗಳಿಗೆ ಒಳ್ಳೆಯ ರೇಡಾರ್ ಬಂದಮೇಲೆ ಆ ಆಟ ನಡೆಯಲಿಲ್ಲ. 1943ರ ಮೇ ಒಂದೇ ತಿಂಗಳಲ್ಲಿ 41 ಯು-ಬೋಟ್ ಹೋದವು. ಅಡ್ಮಿರಲ್ ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ಉಳಿದವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಒಳಗಿನ ಬದುಕಿನ ಬಗ್ಗೆ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಮಂದಿಗೆ ಪಾಯಖಾನೆ ಎಲ್ರೀ?" ಸುಮಾರು 50 ಜನಕ್ಕೆ ಎರಡು. ಹೊರಡುವಾಗ ಒಂದರಲ್ಲಿ ದಿನಸಿ ತುಂಬುತ್ತಿದ್ದರು, ಹಾಗಾಗಿ ಒಂದೇ. ನಗುವ ವಿಷಯ ಅಲ್ಲ. 1945ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್ ಹತ್ತಿರ ಯು-1206ರ ಪಾಯಖಾನೆಯ ಮೂಲಕ ಸಮುದ್ರದ ನೀರು ಒಳಗೆ ನುಗ್ಗಿತು. ಕೆಳಗೆ ಬ್ಯಾಟರಿ. ಉಪ್ಪುನೀರು ಬ್ಯಾಟರಿಗೆ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮೇಲೆ ಬರದೆ ಗತಿಯಿರಲಿಲ್ಲ. ಮೇಲೆ ಬಂದರೆ ವಿಮಾನ ಕಾದಿತ್ತು.

ಸುಭಾಷ್ ಬಾಬು 1943ರ ಫೆಬ್ರವರಿಯಲ್ಲಿ ಇದೇ ಕೀಲ್‌ನಿಂದ ಹೊರಟ ಯು-180 ಇದಕ್ಕಿಂತ ದೊಡ್ಡದು. ಅದಕ್ಕೆ ವೇಗದ ಟಾರ್ಪಿಡೊ ದೋಣಿಗಳ ಆರು ಡೀಸೆಲ್ ಕೂರಿಸಿದ್ದರು. ಅವು ವಿಪರೀತ ಬಿಸಿಯಾಗಿ ಹೊಗೆ ಉಗುಳುತ್ತಿದ್ದವು. ಬಚ್ಚಿಟ್ಟುಕೊಂಡು ಹೋಗುವ ಗಾಡಿಗೆ ಹೊಗೆ ಉಗುಳುವ ಎಂಜಿನ್! ಏಪ್ರಿಲ್‌ನಲ್ಲಿ ಮಡಗಾಸ್ಕರ್ ಹತ್ತಿರ ಅವರು ರಬ್ಬರ್ ದೋಣಿಯಲ್ಲಿ ಜಪಾನಿನ ಐ-29ಕ್ಕೆ ದಾಟಿಕೊಂಡರು. ಯು-180ರಿಂದ ಆ ಎಂಜಿನ್‌ಗಳನ್ನು ಆಮೇಲೆ ಕಿತ್ತು ಹಾಕಿದರು.

ಗಾಳಿಗೆ ಮೊದಲ ಮದ್ದು ಶ್ನಾರ್ಕೆಲ್, ಡಚ್ಚರಿಂದ ಸಿಕ್ಕಿದ್ದು. ಮುಳುಗಿದ್ದಾಗ ಮೇಲಕ್ಕೆ ಚಾಚುವ ಕೊಳವೆ ಅದು. ಅಲೆ ಬಡಿದರೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಸುಮ್ನಿರುತ್ತದೆಯೇ? ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಜನರ ಕಿವಿ ಗಪ್ಪೆನ್ನುತ್ತದೆ.

ನಿಜವಾದ ಮದ್ದು 21ನೇ ಮಾದರಿ. ಬ್ರೆಮರ್‌ಹಾಫನ್‌ನಲ್ಲಿ ಒಂದು ಉಳಿದಿದೆ. ಏಳನೇ ಮಾದರಿಯಲ್ಲಿ 124 ಬ್ಯಾಟರಿ ಸೆಲ್, ಇದರಲ್ಲಿ 372. ಮೋಟಾರುಗಳ ಬಲ ಸುಮಾರು 5,000 ಅಶ್ವಶಕ್ತಿ, ಡೀಸೆಲ್‌ಗಳಿಗೆ ಲೆಕ್ಕ ಹಾಕಿದ್ದು 4,000. ಡೀಸೆಲ್‌ನವನಾದ ನನಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಸರಿಯಾದ ತೀರ್ಮಾನ ಇದೇ. ನೀರೊಳಗೇ ಗಂಟೆಗೆ 32 ಕಿ.ಮೀ. ಹೋಗುತ್ತಿತ್ತು.

"ಇದು ಒಂದು ವರ್ಷ ಮುಂಚೆ ಬಂದಿದ್ದರೆ" ಅಂತ ಕೆಲವರು ಕನಸು ಕಾಣುತ್ತಾರೆ. ಅವರು ವರ್ಕ್‌ಶಾಪ್ ನೋಡಿಲ್ಲ. ಹಡಗು ಕಟ್ಟಿ ಗೊತ್ತಿಲ್ಲದ ಕಾರ್ಖಾನೆಗಳಲ್ಲಿ ಎಂಟು ತುಂಡು ಮಾಡಿಸಿ ತಂದರು. ತುಂಡಿಗೆ ತುಂಡು ಕೂಡಲಿಲ್ಲ, ಮತ್ತೆ ಕೊಯ್ದು ಬೆಸೆದರು. ಡೀಸೆಲ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಶ್ನಾರ್ಕೆಲ್ ಜೊತೆ ಹೊಂದಲಿಲ್ಲ, ಬಿಚ್ಚಿಟ್ಟರು. ಇವನ್ನು ಜೋಡಿಸಲೆಂದೇ ಬ್ರೆಮೆನ್ ಹತ್ತಿರದ ಫಾರ್ಗೆಯಲ್ಲಿ ಸಾವಿರಾರು ಕೈದಿಗಳನ್ನು ದುಡಿಸಿ ದೊಡ್ಡ ಕಾಂಕ್ರೀಟ್ ಬಂಕರ್ ಕಟ್ಟಿಸಿದರು. ಸಾವಿರಕ್ಕೂ ಜಾಸ್ತಿ ಜನ ಅಲ್ಲಿ ಸತ್ತರು. ಅಲ್ಲಿಂದ ಒಂದು ಯು-ಬೋಟೂ ಹೊರಬರಲಿಲ್ಲ. ಬೇರೆಡೆ ನೂರಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿಯುವ ಮುಂಚೆ ಕಾರ್ಯಾಚರಣೆಗೆ ಹೊರಟಿದ್ದು ಎರಡೇ.