ನೆರಳಿನ ಓಣಿಯ ಪರಿಮಳ

ಬೆಂಗಳೂರಿನ ನಮ್ಮ ಮನೆಯ ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದ ಮೇಲೆ, ಗೋಡೆಗೂ ಕಾಂಪೌಂಡಿಗೂ ನಡುವಿನ 8 ಅಡಿ ಅಗಲದ ಜಾಗಕ್ಕೆ ಬೆಳಗ್ಗೆ ಎರಡು ಗಂಟೆ ಹೊತ್ತು ಬೀಳುವ ಎಳೆಬಿಸಿಲು ಬಿಟ್ಟರೆ ಬೇರೆ ಬಿಸಿಲು ಇಲ್ಲದಂತಾಯಿತು. ಅಲ್ಲಿ ಅಮ್ಮ ನೆಟ್ಟಿದ್ದ ದುಂಡುಮಲ್ಲಿಗೆ ಸೊಂಪಾಗಿ ಎಲೆ ತುಂಬಿಕೊಂಡಿತೇ ಹೊರತು ಮೊಗ್ಗು ಬಿಡುವುದನ್ನು ನಿಲ್ಲಿಸಿತು. ಮಲ್ಲಿಗೆಗೆ ಬಿಸಿಲೇ ಬೇಕು. ಅದನ್ನು ಮಹಡಿಯ ಕುಂಡಕ್ಕೆ ಸಾಗಿಸಿ, ನೆರಳನ್ನು ತಾಳಿಕೊಳ್ಳುವ, ವರ್ಷವಿಡೀ ಹಸಿರಾಗಿರುವ ಪರಿಮಳದ ಪೊದೆಗಳನ್ನು ಹುಡುಕತೊಡಗಿದೆ.

ಮೊದಲು ತಂದದ್ದು ಕಾಡುಕರಿಬೇವು. ನರ್ಸರಿಯವರು ಕಾಮಿನಿ ಎನ್ನುತ್ತಾರೆ. ಅರೆನೆರಳಿನಲ್ಲಿ ಇದರ ಹೂ ಕಡಿಮೆಯಾದರೂ, ಒಳ್ಳೆಯ ಮಳೆಯಾದ ಕೆಲವು ವಾರಗಳಲ್ಲಿ ಬಿಳಿಯ ಗೊಂಚಲುಗಳು ಒಮ್ಮೆಲೇ ಅರಳಿ, ಗಾಳಿಯಾಡದ ನಮ್ಮ ಓಣಿಯಲ್ಲಿ ಸಂಜೆಯ ಕಂಪು ಬಹಳ ಹೊತ್ತು ನಿಲ್ಲುತ್ತದೆ. ಮನೆಯಲ್ಲಿ ನಿಂಬೆಗಿಡವಿರುವವರು ಮಾತ್ರ ಇದನ್ನು ದೂರವಿಡುವುದು ಲೇಸು, ಏಕೆಂದರೆ ನಿಂಬೆಯ ಎಲೆ ಹಳದಿಯಾಗಿಸಿ ಗಿಡವನ್ನು ಸೊರಗಿಸುವ ಗ್ರೀನಿಂಗ್ ರೋಗವನ್ನು ಹರಡುವ, ಸಿಲ್ಲಾ ಎಂಬ ರಸ ಹೀರುವ ಪುಟ್ಟ ಕೀಟ ಕಾಮಿನಿಯ ಚಿಗುರಿನಲ್ಲಿಯೂ ಸಂತಾನ ಬೆಳೆಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಗಾರ್ಡೇನಿಯ. ನಮ್ಮ ಕುರುಚಲು ಕಾಡುಗಳ ಬಿಕ್ಕೆಗಿಡದ ಕುಲಕ್ಕೇ ಸೇರಿದ್ದರೂ ಇದು ಚೀನಾ, ಜಪಾನ್ ಕಡೆಯ ಸಸ್ಯ. ನೆಟ್ಟ ನಾಲ್ಕನೆಯ ತಿಂಗಳಿಗೆ ಅದರ ಎಳೆಯ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿಯೇ ಉಳಿದವು. ನೆರಳಿನದೇ ದೋಷವೆಂದು ತಿಳಿದು ಗೊಬ್ಬರ ಸುರಿದೆ, ಮೊಗ್ಗುಗಳೂ ಉದುರಿದವು. ನಿಜವಾದ ಕಾರಣ ನಾನು ಹಾಕುತ್ತಿದ್ದ ಬೋರ್‌ವೆಲ್ ನೀರು. ಗಡಸು ನೀರಿನಿಂದ ಮಣ್ಣು ಕ್ಷಾರವಾದರೆ, ಅದರಲ್ಲಿ ಕಬ್ಬಿಣವಿದ್ದರೂ ಹುಳಿಮಣ್ಣನ್ನು ಬಯಸುವ ಈ ಗಿಡದ ಬೇರಿಗೆ ಅದು ದಕ್ಕುವುದಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರನ್ನೇ ಹಾಕಿ, ಬುಡಕ್ಕೆ ಎಲೆಗೊಬ್ಬರ ಹರಡಿ, ಬೇರು ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣವಾದ ಚಿಲೇಟನ್ನು ಸ್ವಲ್ಪ ಕೊಟ್ಟ ಮೇಲೆ ಹೊಸ ಚಿಗುರು ಹಸಿರಾಗಿ ಬಂದಿತು.

ರಾತ್ರಿರಾಣಿಯನ್ನು ಬೇಕೆಂದೇ ನೆಡಲಿಲ್ಲ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ, ಮಲಗುವ ಕೋಣೆಯ ಕಿಟಕಿಯ ಕೆಳಗೆ, ಅದರ ವಾಸನೆ ಕೆಲವರಿಗೆ ತಲೆನೋವು ತರಿಸುತ್ತದೆ.

ಈ ಓಣಿಗೆ ಹೇಳಿ ಮಾಡಿಸಿದ ಗಿಡವೆಂದರೆ ಮನೋರಂಜಿನಿ. ಸೀತಾಫಲದ ಕುಟುಂಬದ ಇದು ಬಿಟ್ಟರೆ ಬಳ್ಳಿಯಂತೆ ಹಬ್ಬುತ್ತದೆ. ಆಗಾಗ ಕತ್ತರಿಸಿದರೆ ಪೊದೆಯಾಗಿ ನಿಲ್ಲುತ್ತದೆ. ಹೂವಿನ ತೊಟ್ಟೇ ಕೊಕ್ಕೆಯಂತೆ ಬಾಗಿ ಪಕ್ಕದ ರೆಂಬೆಯನ್ನು ಹಿಡಿದುಕೊಳ್ಳುವುದನ್ನು ನಾನು ಎಷ್ಟೋ ಸಲ ಬೆರಳಿನಿಂದ ಬಿಡಿಸಿ ನೋಡಿದ್ದೇನೆ. ಆರು ದಪ್ಪ ಎಸಳುಗಳ ಹೂ ಎಲೆಯ ಬಣ್ಣದ್ದೇ ಆಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹಳದಿಗೆ ತಿರುಗಿದಾಗ ಮಾತ್ರ ಮಾಗಿದ ಹಣ್ಣಿನ ಘಮ ಹೊರಡುತ್ತದೆ.

ಅಮ್ಮ ಈಗಲೂ ಮಲ್ಲಿಗೆ ಬಿಡಿಸಲು ಮಹಡಿ ಹತ್ತುತ್ತಾರೆ. ಇಳಿದು ಬರುವಾಗ ಓಣಿಯಲ್ಲಿ ನಿಂತು, ಕಂಪು ಬಂದ ಕಡೆಗೆ ಎಲೆಗಳನ್ನು ಸರಿಸುತ್ತ, ಸಿಕ್ಕ ಒಂದೇ ಒಂದು ಹಳದಿ ಹೂವನ್ನು ತಂದು ತಮ್ಮ ರೇಷ್ಮೆ ಸೀರೆಗಳ ನಡುವೆ ಇಡುತ್ತಾರೆ.